ಕುಬಸದ ಉಂಡೆಗೆ ಎಕ್ಸ್‌ರೇ

ಬೆಳಿಗ್ಗೆ ಹತ್ತೂ ಕಾಲಿಗೆ ಅವ್ವ ಎದೆ ಮುಟ್ಟಿ ನೋಡಿಕೊಂಡಳು. ಸೂಜಿ ಇರಲಿಲ್ಲ. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣ ಹೊನ್ನಾಳಿಗೆ ಹೋಗುವ ಬಸ್ಸು. ನ್ಯಾಮತಿಯ ನಮ್ಮ ಮನೆಯ ಮುಂದೆ ಅದು ಹತ್ತೂ ಕಾಲಿಗೆ ಹಾಯಬೇಕೆಂಬುದು ನಿಯಮ. ವರ್ಷದಲ್ಲಿ ಒಂದೆರಡು ಸಲ ಆ ನಿಯಮ ಪಾಲನೆಯಾಗುತ್ತಿತ್ತು. ಅವತ್ತು ಆಯಿತು.

ಎಂಬತ್ತರ ದಶಕದ ಆರಂಭ. ನಾನು ಬಿ.ಎಸ್ಸಿ. ಮುಗಿಸಿ, ಮುಂದೇನು ಎಂದು ಯಾರಾದರೂ ಕೇಳಿಯಾರು ಎಂಬ ಭಯದಲ್ಲಿ ಮನೆಯಲ್ಲಿದ್ದೆ. ಅಕ್ಕನನ್ನು ಜಗಳೂರಿಗೆ ಕೊಟ್ಟಿತ್ತು. ಅವಳಿಗೆ ಆಗ ಏಳು ತಿಂಗಳು. ಮಾರನೆಯ ದಿನ ಅವಳ ಗಂಡನ ಮನೆಯಲ್ಲಿ ಕುಬಸ. ಬಸುರಿ ಮಗಳಿಗೆ ಹಸಿರು ಸೀರೆ, ಹಸಿರು ಕುಬಸ ತೊಡಿಸಿ, ತವರಿನವರು ಒಯ್ದ ಬುತ್ತಿಯನ್ನು ಐದು ಜನ ಮುತ್ತೈದೆಯರು ಅವಳ ಬಾಯಿಗಿಡುವುದು ನಮ್ಮ ಕಡೆಯ ಪದ್ಧತಿ. ಬುತ್ತಿಯೆಂದರೆ ಮುಖ್ಯವಾಗಿ ಶೇಂಗಾ ಉಂಡೆ. ಉಳಿದದ್ದೆಲ್ಲ ಬುಟ್ಟಿ ತುಂಬಿ ಕಾಣಲಿ ಎಂದು.

ಹಿಂದಿನ ಸಂಜೆ ಉಂಡೆ ಕಟ್ಟಿದ್ದೆವು. ಒಲೆಯ ಮೇಲೆ ಬೆಲ್ಲದ ಪಾಕ ಕಾಯುತ್ತಿರುವಾಗ ಅವ್ವ ಪಡಸಾಲೆಯಲ್ಲಿ ಕುಬಸಕ್ಕೆ ಹುಕ್ಸು ಹಚ್ಚುತ್ತ ಕೂತಿದ್ದಳು. ನಮ್ಮ ದರ್ಜಿ ಹೊಲಿದು ಕೊಡುತ್ತಿದ್ದನೇ ಹೊರತು ಕೈಕೆಲಸ ಮಾಡುತ್ತಿರಲಿಲ್ಲ. ಒಳಗಿನಿಂದ ಅಜ್ಜಿ, ಅಂದರೆ ಅಪ್ಪನ ತಾಯಿ, “ಪಾಕ ಬಂತು, ಕೈ ಹಚ್ರೇ!” ಎಂದು ಕೂಗಿದಳು. ಬೆಲ್ಲದ ಪಾಕ ಯಾರಿಗೂ ಕಾಯುವುದಿಲ್ಲ. ಬಿಸಿ ಇರುವಾಗಲೇ ಕಟ್ಟಬೇಕು, ಇಲ್ಲದಿದ್ದರೆ ಪಾತ್ರೆಯ ಸಮೇತ ಒಂದೇ ಉಂಡೆಯಾಗುತ್ತದೆ. ಅವ್ವ ಹಸಿರು ದಾರ ಪೋಣಿಸಿದ್ದ ಸೂಜಿಯನ್ನು ಎಂದಿನಂತೆ ತಾಳಿಯ ಸರಕ್ಕೆ ಸಿಕ್ಕಿಸಿಕೊಂಡು ಓಡಿದಳು. ಆ ಸರದಲ್ಲಿ ತಾಳಿಯ ಜೊತೆಗೆ ಪಿನ್ನುಗಳು, ಟ್ರಂಕಿನ ಕೀಲಿ, ಕಿವಿಯ ಕಡ್ಡಿ ಎಲ್ಲ ಇರುತ್ತಿದ್ದವು. ಊರಿನ ಅರ್ಧ ಹೆಂಗಸರ ಕೊರಳು ಹೀಗೇ ಇತ್ತು. ಬಗ್ಗಿ, ಅಂಗೈ ಸುಡುತ್ತಿದ್ದರೂ ಉಫ್ ಉಫ್ ಎನ್ನುತ್ತ, ಇಡೀ ಪಾತ್ರೆ ಮುಗಿಯುವವರೆಗೆ ಕಟ್ಟಿದೆವು. ಮಾರನೆಯ ಬೆಳಿಗ್ಗೆ ಉಳಿದೊಂದು ಹುಕ್ಸು ಹಚ್ಚಲು ಕೂತಾಗ ಎದೆ ಮುಟ್ಟಿಕೊಂಡಳು.

ಗುಡಿಸಿದೆವು, ಚಾಪೆ ಕೊಡವಿದೆವು, ಬೂದಿ ಜರಡಿ ಹಿಡಿದೆವು. ಸೂಜಿ ಸಿಗಲಿಲ್ಲ. ಉಳಿದದ್ದು ಉಂಡೆ. ಅವು ಎರಡು ಬುಟ್ಟಿ ಇದ್ದವು. ಒಂದು ನಮ್ಮ ಮುಂದೆ ಇತ್ತು. ಇನ್ನೊಂದನ್ನು ಚನ್ನಗಿರಿಯಿಂದ ಬಂದಿದ್ದ ಸೋದರಮಾವ, ಬುತ್ತಿ ಹಿಂದಿನ ದಿನವೇ ಬೀಗರ ಮನೆಯ ಹೊಸ್ತಿಲು ದಾಟಬೇಕೆಂದು, ಬೆಳಗಿನ ಮೊದಲ ಬಸ್ಸಿಗೇ ಜಗಳೂರಿಗೆ ಒಯ್ದಾಗಿತ್ತು. ಅದರಿಂದ ಮೊದಲ ಉಂಡೆ ತಿನ್ನುವವಳು ಅಕ್ಕನೇ ಇರಬಹುದು.

“ಟ್ರಂಕ್ ಕಾಲ್ ಮಾಡೋಣ” ಎಂದೆ.

ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ತಗ್ಗಿದ ದನಿಯಲ್ಲಿ ಕೇಳಿದರು: “ಮಾಡಿ ಏನಂತ ಹೇಳ್ತೀ? ಬಸುರಿಗೆ ಕಳ್ಸಿದ ಉಂಡೆಯಾಗೆ ಸೂಜಿ ಐತೆ ಅಂತಾನಾ? ಮರೆತು ಬಿದ್ದೈತೆ ಅಂತ ಒಬ್ರಾದ್ರೂ ನಂಬ್ತಾರಾ?”

ನನಗೆ ಅರ್ಥವಾಯಿತು. ಬೀಗರ ಮನೆಯ ಹಿರಿಯ ಸೊಸೆಗೆ ಬಸಿರು ನಿಂತಿರಲಿಲ್ಲ. ಯಾರೋ ಮಾಟ ಮಾಡಿಸಿದ್ದಾರೆಂದು ಅಲ್ಲಿ ಎಲ್ಲರೂ ನಂಬಿದ್ದರು. ಅಂಥ ಮನೆಗೆ ಬಸುರಿಯ ಬುತ್ತಿಯಲ್ಲಿ ಸೂಜಿ ಹೋದರೆ ಅದನ್ನು ಹೊಲಿಗೆಯ ಸಾಮಾನು ಎಂದು ಯಾರೂ ಕರೆಯುವುದಿಲ್ಲ. ಹೀಗೆ, ಮಗಳ ಗಂಟಲು ಒಂದು ಕಡೆ, ಮಗಳ ಸಂಸಾರ ಇನ್ನೊಂದು ಕಡೆ ಇಟ್ಟು, ನಮ್ಮ ಮನೆ ಗೌರವಸ್ಥರ ಮನೆಯಾದ್ದರಿಂದ, ಸಂಸಾರವನ್ನು ಮೊದಲು ಕಾಪಾಡಲು ತೀರ್ಮಾನವಾಯಿತು.

“ಇಲ್ಲಿರೋ ಬುಟ್ಟೀನಾದ್ರೂ ಒಡೆದು ನೋಡೋಣ” ಎಂದೆ.

“ಒಡೆಯಾಕೆ?” ಅಜ್ಜಿ ಬುಟ್ಟಿಗೆ ಅಡ್ಡ ಕೂತಳು. “ಬಸುರಿ ಹೆಸ್ರಲ್ಲಿ ಕಟ್ಟಿದ ಉಂಡೆ ಅದು. ಒಡೆದ್ರೆ ಏನು ಒಡೆದಂಗೆ ಅಂತ ಗೊತ್ತೈತೇನೇ ನಿಂಗೆ? ಕಾಲೇಜಲ್ಲಿ ಇದನ್ನ ಹೇಳ್ಕೊಡ್ಲಿಲ್ವಾ?”

ಈ ನಿಯಮವನ್ನು ನಾನು ಅವತ್ತಿನವರೆಗೆ ಕೇಳಿರಲಿಲ್ಲ. ಅವ್ವನೂ ಕೇಳಿರಲಿಲ್ಲವೆಂದು ಅವಳ ಮುಖ ಹೇಳುತ್ತಿತ್ತು. ಆದರೆ ಒಮ್ಮೆ ಬಾಯಿಂದ ಬಂದ ಮೇಲೆ ಅದನ್ನು ಮೀರುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಒಡೆಯುವಂತಿಲ್ಲ, ಒಡೆಯದೆ ಒಯ್ಯುವಂತಿಲ್ಲ. ಆಗ ನನ್ನ ವಿದ್ಯಾಭ್ಯಾಸ ಜೀವನದಲ್ಲಿ ಮೊದಲ ಬಾರಿಗೆ ಉಪಯೋಗಕ್ಕೆ ಬಂತು. “ಒಡೆಯೋದು ಬೇಡ. ಎಕ್ಸ್‌ರೇ ತೆಗೆಸೋಣ” ಎಂದೆ.

ಹೊನ್ನಾಳಿಯಲ್ಲಿ ಆಗ ಒಬ್ಬ ಖಾಸಗಿ ಡಾಕ್ಟರು ಹಳೆಯದೊಂದು ಎಕ್ಸ್‌ರೇ ಯಂತ್ರ ಇಟ್ಟಿದ್ದರು. ಅದನ್ನು ನಡೆಸುತ್ತಿದ್ದವನು ಬೇರೆ ಹೊತ್ತಿನಲ್ಲಿ ಮದುವೆಯ ಫೋಟೋ ತೆಗೆಯುತ್ತಿದ್ದ. ಎರಡಕ್ಕೂ ಕತ್ತಲೆ ಕೋಣೆ ಒಂದೇ. ಅಪ್ಪ, ಅವ್ವ, ಅಜ್ಜಿ, ನಾನು ಬುಟ್ಟಿಯ ಸಮೇತ ಇಳಿದೆವು. ಅಲ್ಲಿಂದ ಹಾಗೇ ಜಗಳೂರಿಗೆ ಹೋಗುವುದೆಂದು.

“ಪೇಷೆಂಟ್ ಯಾರು?” ಎಂದ ಎಕ್ಸ್‌ರೇಯವನು.

ಅಪ್ಪ ಬುಟ್ಟಿಯ ಮೇಲಿನ ಬಟ್ಟೆ ಸರಿಸಿದರು.

ಅವನು ಬುಟ್ಟಿಯನ್ನೂ ಅಪ್ಪನನ್ನೂ ನೋಡಿ, “ಮೇಷ್ಟ್ರೇ, ಹೋದ ವರ್ಷ ಒಬ್ರು ನಾಯಿ ತಂದಿದ್ರು. ಅದು ನನ್ನ ಕಚ್ತು. ಇವು ಕಚ್ಚಲ್ಲ ತಾನೆ?” ಎಂದ.

ವಿಷಯ ಹೇಳಿದ ಮೇಲೆ ನಗುವುದನ್ನು ನಿಲ್ಲಿಸಿದ. ಡಾಕ್ಟರನ್ನು ಕೇಳಿ ಬಂದ. ಎದೆಯ ಚಿತ್ರ ತೆಗೆಯುವ ದೊಡ್ಡ ಫಿಲ್ಮಿನ ಪೆಟ್ಟಿಗೆಯ ಮೇಲೆ ಉಂಡೆಗಳನ್ನು ಸಾಲಾಗಿ ಜೋಡಿಸಿದೆವು. ಅಭ್ಯಾಸ ಬಲದಿಂದ ಅವನು, “ಉಸಿರು ಬಿಗಿ ಹಿಡೀರಿ” ಎಂದ. ಹಿಡಿದವರು ನಾವು ನಾಲ್ವರು.

ತೊಳೆದ ಫಿಲ್ಮನ್ನು ಬೆಳಕಿಗೆ ಹಿಡಿದಾಗ ನಾನು ಅಷ್ಟು ಸುಂದರವಾದ ಚಿತ್ರ ಅಲ್ಲಿಯವರೆಗೆ ನೋಡಿರಲಿಲ್ಲ. ಬೂದು ಬಣ್ಣದ ಚಂದ್ರಗಳು, ಒಳಗೆ ಶೇಂಗಾ ಬೇಳೆಗಳ ನೆರಳು. ಸೂಜಿ ಇರಲಿಲ್ಲ. ಆದರೆ ಒಂದು ಚಂದ್ರನೊಳಗೆ ಕುಬಸದ ಹುಕ್ಸೊಂದು ಬಾಗಿ ಕೂತಿತ್ತು. ಮತ್ತೆ ಅಲ್ಲಲ್ಲಿ ಬಿಳಿಯ ಚುಕ್ಕೆಗಳು.

“ಇವೇನು?” ಎಂದಳು ಅವ್ವ.

“ಹರಳು” ಎಂದ ಅವನು. “ಶೇಂಗಾ ಎಲ್ಲೀದು?”

ಶೇಂಗಾ ಬೀಗರೇ ಕಳಿಸಿದ್ದು. ಬಿಳಿಚೋಡಿನ ಹತ್ತಿರ ಅವರ ಹೊಲ. “ನಮ್ಮ ಹೊಲದ ಕಾಯಿ, ಒಂದು ಹರಳು ಸಿಕ್ರೆ ನನ್ನ ಹೆಸರು ಬದಲಿಸ್ರಿ” ಎಂದು ಅಕ್ಕನ ಅತ್ತೆ ಹೇಳಿ ಕಳಿಸಿದ್ದರು. ಫಿಲ್ಮಿನ ಪ್ರಕಾರ ಅವರಿಗೆ ಆಗ ಹಲವಾರು ಹೆಸರು ಬೇಕಾಗಿದ್ದವು.

ಸಮಾಧಾನದಿಂದ ಬುಟ್ಟಿ ಕಟ್ಟುವಾಗ ನನಗೆ ಒಂದು ವಿಚಾರ ಹೊಳೆಯಿತು. ಮಲಗಿದ ಸೂಜಿ ಗೆರೆಯಾಗಿ ಕಾಣುತ್ತದೆ, ಸರಿ. ಉಂಡೆಯೊಳಗೆ ನೆಟ್ಟಗೆ ನಿಂತ ಸೂಜಿ? ಮೇಲಿನಿಂದ ನೋಡಿದರೆ ಅದು ಬರಿಯ ಒಂದು ಚುಕ್ಕೆ. ಹರಳಿಗೂ ಅದಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ?

“ಎಲ್ಲಾ ಉಂಡೇನೂ ಮಗ್ಗಲು ತಿರುಗಿಸಿ ಇನ್ನೊಂದ್ಸಲ ತೆಗೀಬೇಕು” ಎಂದೆ.

“ಮೇಡಂ ಫಿಸಿಕ್ಸಾ?” ಎಂದ ಅವನು. ಹೌದೆಂದೆ. “ಅದಕ್ಕೇ. ಬೇರೆಯೋರು ಒಂದಕ್ಕೇ ನಂಬಿ ಮನೆಗೆ ಹೋಗ್ತಾರೆ” ಎಂದು ಒಂದೊಂದನ್ನೂ ಕಾಲು ಸುತ್ತು ಉರುಳಿಸಿದ. ಅಷ್ಟರಲ್ಲಿ ಕರೆಂಟ್ ಹೋಯಿತು. ಕರೆಂಟ್ ಬರುವವರೆಗೆ ಬೆಂಚಿನ ಮೇಲೆ ಕೂತೆವು. ಜಗಳೂರಿನಲ್ಲಿ ಈಗ ಬುಟ್ಟಿ ಬಿಚ್ಚಿರುತ್ತಾರೆ ಎಂದು ನಾಲ್ವರೂ ಯೋಚಿಸುತ್ತಿದ್ದೆವು. ಎರಡನೆಯ ಫಿಲ್ಮಿನಲ್ಲೂ ಚುಕ್ಕೆಗಳು ಚುಕ್ಕೆಗಳಾಗಿಯೇ ಉಳಿದವು. ಹುಕ್ಸಿನ ಉಂಡೆಯನ್ನು ಅಲ್ಲೇ ಬಿಟ್ಟೆವು. ಉಳಿದ ಬುಟ್ಟಿಯಲ್ಲಿ ಸೂಜಿ ಇಲ್ಲ. ಅಂದರೆ ಅದು ಜಗಳೂರಿನಲ್ಲಿದೆ.

ನಮ್ಮ ಕೈಯಲ್ಲಿ ಸೂಜಿಯಿಲ್ಲವೆಂದು ವಿಜ್ಞಾನವೇ ಸಾಕ್ಷಿ ಹೇಳಿದ ಒಂದು ಬುಟ್ಟಿ ಇತ್ತು. ಅದನ್ನೇ ನಾಳೆ ಅಕ್ಕನ ಮುಂದಿಟ್ಟರೆ ಆಯಿತು ಎಂದು ನಾನಂದುಕೊಂಡೆ. ಆದರೆ ಹೊರಗೆ ಬರುವಾಗ ಅವ್ವ ಬಾಗಿಲ ಮೇಲಿನ ಬೋರ್ಡನ್ನು ಗಟ್ಟಿಯಾಗಿ ಓದಿಬಿಟ್ಟಳು: ಗರ್ಭಿಣಿಯರು ಒಳಗೆ ಬರಬಾರದು.

ಅಜ್ಜಿ ನಿಂತಳು. “ಯಾಕಂತೆ?”

“ಕಿರಣ ಹೊಟ್ಟೇಲಿರೋ ಕೂಸಿಗೆ ಒಳ್ಳೇದಲ್ಲ” ಎಂದೆ, ಆ ಮಾತು ಎಲ್ಲಿಗೆ ಹೋಗುತ್ತದೆಂದು ತಿಳಿಯದೆ.

“ಅಂಥಾ ಕಿರಣ ಕುಡಿದ ಉಂಡೇನ ಬಸುರಿಗೆ ತಿನ್ನಸ್ತೀಯಾ?”

ದಾವಣಗೆರೆಯವರೆಗೂ ಬಸ್ಸಿನಲ್ಲಿ ವಿವರಿಸಿದೆ. ಕಿರಣ ಉಂಡೆಯಲ್ಲಿ ನಿಲ್ಲುವುದಿಲ್ಲ, ದೀಪ ಆರಿಸಿದರೆ ಬೆಳಕು ಗೋಡೆಯಲ್ಲಿ ಉಳಿಯುತ್ತದೆಯೇ ಎಂದೆ. ಅಜ್ಜಿ ಕಿಟಕಿಯ ಕಡೆ ತಿರುಗಿ ಕೂತಳು. ಕೊನೆಗೆ, ಏನೂ ಆಗುವುದಿಲ್ಲವೆಂದು ತೋರಿಸಲು ಬುಟ್ಟಿಯಿಂದ ಒಂದು ಉಂಡೆ ತೆಗೆದು ಕಚ್ಚಿದೆ. ಹರಳು ಸಿಕ್ಕಿತು. ಹಲ್ಲಿನ ಮೂಲೆ ಹೋಯಿತು.

“ನೋಡು, ಏನೂ ಆಗಲ್ಲ ಅಂದೆಯಲ್ಲ” ಎಂದಳು ಅಜ್ಜಿ.

ಜಗಳೂರು ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಅಕ್ಕ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ನಾನು ಅವಳ ಹೊಟ್ಟೆಯನ್ನಲ್ಲ, ಗಂಟಲನ್ನು ನೋಡಿದೆ.

“ಉಂಡೆ ತಿಂದೇನೇ?” ಅವಳು ಮಾತಾಡಿಸುವ ಮೊದಲೇ ಕೇಳಿದೆ.

“ಬಂದೋಳು ಹೆಂಗಿದೀ ಅಂತ ಕೇಳಲ್ಲ, ಉಂಡೆ ಲೆಕ್ಕ ಕೇಳ್ತಾಳೆ ನೋಡ್ರಿ” ಎಂದು ಅಕ್ಕ ಅತ್ತೆಗೆ ದೂರಿದಳು. “ನಾಳೆವರೆಗೆ ಮುಟ್ಟಬಾರದಂತೆ ಕಣೇ.”

ಅಕ್ಕನ ಅತ್ತೆ ಒಳ್ಳೆಯ ಹೆಂಗಸು, ಅದೇ ತೊಂದರೆಯಾಗಿತ್ತು. ಸೊಸೆಯ ತವರಿನ ಬುತ್ತಿ ಎಂದು ಓಣಿಯ ಮನೆಮನೆಗೂ ಆಗಲೇ ಹಂಚಿ ಬಂದಿದ್ದರು. “ಪಾಕ ಒಂಚೂರು ಕೆಟ್ಟೈತೆ ಅತ್ತೇರೆ, ಆ ಬುಟ್ಟಿ ವಾಪಸ್ ಕೊಡ್ರಿ. ಇದು ಚಲೋ ಐತೆ” ಎಂದೆ.

“ಏ, ಸುಮ್ನಿರು ತಂಗಿ. ಓಣಿ ತುಂಬ ಹೊಗಳ್ತಾ ಅದಾರೆ. ಶೇಂಗಾ ನಮ್ದು, ಕೈ ನಿಮ್ದು. ಕೆಡಾಕೆ ಹೆಂಗೆ ಸಾಧ್ಯ?”

ಆಗ ಅವರ ಕಣ್ಣು ನನ್ನ ಕಂಕುಳಲ್ಲಿದ್ದ ದೊಡ್ಡ ಲಕೋಟೆಯ ಮೇಲೆ ಬಿತ್ತು. ಎಕ್ಸ್‌ರೇ ಲಕೋಟೆಯನ್ನು ಯಾರು ಬೇಕಾದರೂ ಗುರುತಿಸುತ್ತಾರೆ. ಬೇಡವೆನ್ನುವಷ್ಟರಲ್ಲಿ ಎಳೆದು ದೀಪಕ್ಕೆ ಹಿಡಿದರು. ಗುಂಡನೆಯ ಗಡ್ಡೆಗಳ ಸಾಲುಸಾಲು.

“ಯಾರ್ದಿದು?”

ನಾವು ಮೂವರೂ ಅಪ್ಪನನ್ನು ನೋಡಿದೆವು. ಯಾಕೆ ನೋಡಿದೆವೋ ಗೊತ್ತಿಲ್ಲ. ಅಪ್ಪ ತಡಮಾಡದೆ ಒಂದು ಸಲ ಕೆಮ್ಮಿದರು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಅಪ್ಪನಿಗೆ ಸಿಕ್ಕ ಉಪಚಾರ ಅಕ್ಕನ ಮದುವೆಯಲ್ಲೂ ಸಿಕ್ಕಿರಲಿಲ್ಲ. ಹಾಲು ಬಂತು, ದಿಂಬು ಬಂತು. ಅಕ್ಕನಿಗೆ ಮಾತ್ರ ಹೇಳಬಾರದೆಂದು ಅತ್ತೆ ನಮ್ಮಿಂದ ಆಣೆ ತೆಗೆದುಕೊಂಡರು. ಎಲ್ಲ ಸೇರಿ ಅವಳಿಗೆ ಎರಡು ಗುಟ್ಟು ಮುಚ್ಚಿಡಲಾಯಿತು. ಒಂದು ಸುಳ್ಳು, ಒಂದು ನಿಜ.

ಮಾರನೆಯ ದಿನ ಮಣೆಯ ಮೇಲೆ ಅಕ್ಕ ಹಸಿರುಟ್ಟು ಕೂತಳು. ತಟ್ಟೆಯಲ್ಲಿದ್ದದ್ದು ಸೋದರಮಾವ ಒಯ್ದಿದ್ದ ಬುಟ್ಟಿಯ ಉಂಡೆಗಳು. ಎಕ್ಸ್‌ರೇ ಬುಟ್ಟಿಯನ್ನು ಅಜ್ಜಿ ರಾತ್ರಿಯೇ ಅಟ್ಟಕ್ಕೇರಿಸಿದ್ದಳು. ತಾಲ್ಲೂಕಿನಲ್ಲಿ ನಿರಪಾಯವೆಂದು ಗೊತ್ತಿದ್ದ ಉಂಡೆಗಳು ಅವು ಮಾತ್ರ, ಅವನ್ನು ಯಾರೂ ತಿನ್ನುವಂತಿರಲಿಲ್ಲ. ಮೊದಲ ಮುತ್ತೈದೆ ಅಕ್ಕನ ಹಣೆಗೆ ಕುಂಕುಮವಿಟ್ಟು, ಅದೇ ಕೈಯಿಂದ ಒಂದು ಉಂಡೆ ಎತ್ತಿ ಬಾಯಿಯ ಹತ್ತಿರ ತಂದಳು. ಅಕ್ಕ ಬಾಯಿ ತೆರೆದಳು.

ಈಗಲೂ ಆ ತೆರೆದ ಬಾಯಿ ಕಾಣುತ್ತದೆ. ಯಾರ ಮನೆಯಲ್ಲಾದರೂ ತಟ್ಟೆಯಲ್ಲಿ ಉಂಡೆ ಬಂದರೆ ಸಾಕು, ಮೊದಲು ಕಾಣುವುದು ಅದೇ.

“ತಡೀರಿ!” ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು. “ನಮ್ಮ ಕಡೆ ಪದ್ಧತಿ ಐತೆ. ತಂಗಿ ಮೊದ್ಲು ಉಂಡೆ ಪುಡಿ ಮಾಡಿ ಕೊಡಬೇಕು. ಆಮೇಲೆ ತಿನ್ನಸಬೇಕು.”

ಹಾಡು ನಿಂತಿತು. ಅವ್ವ ನೆಲ ನೋಡಿದಳು.

“ಇದ್ಯಾವ ಪದ್ಧತಿ ತಂಗಿ? ನಾವು ಕೇಳೇ ಇಲ್ಲ” ಎಂದರು ಅತ್ತೆ.

ಎಲ್ಲರೂ ಹಿರಿಯಳಾದ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ನನ್ನನ್ನು ಸ್ವಲ್ಪ ಹೊತ್ತು ದಿಟ್ಟಿಸಿದಳು. “ಐತೆ. ನ್ಯಾಮತಿ ಕಡೆ ಹಂಗೇ. ತಂಗಿ ಕೈಯಾಗೆ ಪುಡಿ ಆದ್ರೆ ಹೆರಿಗೆ ಹಗುರ” ಎಂದಳು.

ನಾನು ಕೂತು ಪುಡಿ ಮಾಡಿದೆ. ಬೆರಳ ತುದಿಯಲ್ಲಿ ಪ್ರತಿಯೊಂದು ಬೇಳೆಯನ್ನೂ ತಿಕ್ಕಿದೆ. ಹರಳುಗಳನ್ನು ಸೆರಗಿನೊಳಗೆ ಜಾರಿಸಿದೆ. “ಏನೇ ಇದು, ಅಕ್ಕಿ ಆರಿಸ್ದಂಗೆ ಆರಿಸ್ತೀಯಲ್ಲ” ಎಂದು ಮುತ್ತೈದೆಯರು ನಕ್ಕರು. “ಅಕ್ಕನ ಮ್ಯಾಲೆ ಅಷ್ಟು ಜೀವ” ಎಂದು ಅತ್ತೆ ಕಣ್ಣೊರೆಸಿಕೊಂಡರು. ನಾಲ್ಕು ಜನರದ್ದಾಯಿತು. ಐದನೆಯವಳು ಕುಂಕುಮದ ಕೈಯಲ್ಲಿ ಉಂಡೆ ಎತ್ತಿದಾಗ ಅಕ್ಕ ಮುಖ ಹಿಂಡಿದಳು. “ಸಾಕ್ರಿ. ವಾಕರಿಕೆ ಬರಾಕೆ ಹತ್ತೈತೆ.” ಐದನೆಯವಳು ಅದನ್ನು ತಟ್ಟೆಗೆ ಹಾಕಿ, ಶಾಸ್ತ್ರಕ್ಕೆಂದು ನನ್ನ ಕೈಯ ಪುಡಿಯನ್ನೇ ಚಿಟಿಕೆ ತೆಗೆದು ಅಕ್ಕನ ತುಟಿಗೆ ಮುಟ್ಟಿಸಿದಳು. ತಟ್ಟೆಯಲ್ಲಿ ಉಳಿದದ್ದು ಬುಟ್ಟಿಗೆ ಹಿಂತಿರುಗಿತು.

ಆ ಮನೆಯಲ್ಲಿ ಮುಂದೆ ನಡೆದ ಕುಬಸಗಳಿಗೆಲ್ಲ ಬಸುರಿಯ ತಂಗಿಯೊಬ್ಬಳು ಉಂಡೆ ಪುಡಿ ಮಾಡಿದ್ದಾಳೆ. ತಂಗಿ ಇಲ್ಲದವರಿಗೆ ಎಲ್ಲಿಂದಲೋ ಒಬ್ಬಳನ್ನು ಕರೆಸುತ್ತಾರೆ. ಅದರ ಅರ್ಥವನ್ನೂ ಯಾರೋ ಹಿರಿಯರು ವಿವರಿಸುತ್ತಾರೆಂದು ಕೇಳಿದ್ದೇನೆ. ನನ್ನನ್ನು ಯಾರೂ ಕೇಳಿಲ್ಲ.

ಅಕ್ಕನನ್ನು ಹೆರಿಗೆಗೆ ಕರೆತರಲು ಮುಂದಿನ ವಾರದ ದಿನ ಒಳ್ಳೆಯದೆಂದರು. ನಾವು ಅವಳನ್ನೂ, ಆ ಬುಟ್ಟಿಯನ್ನೂ ಅಲ್ಲೇ ಬಿಟ್ಟು ಬಂದೆವು. ಹೊರಡುವಾಗ ಅವಳ ಕಿವಿಯಲ್ಲಿ, “ಒಂದೂ ತಿನ್ನಬೇಡ, ಹರಳು ಐತೆ” ಎಂದೆ. “ಅತ್ತೆ ಮುಂದೆ ಹೇಳು ನೋಡೋಣ” ಎಂದು ಅವಳು ನಕ್ಕಳು. ಆ ವಾರ ನಮ್ಮ ಮನೆಯಲ್ಲಿ ನಿದ್ದೆ ಎಂಬುದಿರಲಿಲ್ಲ. ಅವ್ವ ಬಸ್ಸಿನ ಸದ್ದಾದರೆ ಸಾಕು, ಎದ್ದು ಕೂರುತ್ತಿದ್ದಳು. ಅಪ್ಪನಿಗೆ ನಿಜವಾಗಿಯೂ ಕೆಮ್ಮು ಬಂತು. ಜಗಳೂರಿನ ಓಣಿಯಲ್ಲಿ ಯಾರಿಗಾದರೂ ಏನಾದರೂ ಆಗಿದ್ದರೆ ಕಾಗದ ಬರುತ್ತದೆ ಎಂದು ಪೋಸ್ಟ್‌ಮ್ಯಾನನ ದಾರಿ ಕಾಯುತ್ತಿದ್ದೆವು. ಅವನು ಬಂದರೆ ಬಚ್ಚಲಿಗೆ ಹೋಗಿ ನಿಲ್ಲುತ್ತಿದ್ದೆವು.

ಅಕ್ಕ ಬಂದಳು. ಜೊತೆಗೆ ಬುಟ್ಟಿಯೂ ಬಂತು. ತವರಿಗೆ ಬರಿಗೈಯಲ್ಲಿ ಕಳಿಸಬಾರದೆಂದು ಅತ್ತೆ ತಮ್ಮ ಚಕ್ಲಿಯ ಕೆಳಗೆ ಉಳಿದಿದ್ದ ನಮ್ಮ ಉಂಡೆಗಳನ್ನೇ ತುಂಬಿದ್ದರು. “ಕಲ್ಲಾಗ್ಯಾವೆ. ಬಿಸಿ ಹಾಲಲ್ಲಿ ನೆನೆಸ್ಕೊಂಡು ತಿನ್ನೋಣ ಅಂತ ಇಟ್ಕೊಂಡಿದ್ದೆ” ಎಂದಳು ಅಕ್ಕ.

ಅವಳು ಸ್ನಾನಕ್ಕೆ ಹೋದೊಡನೆ ನಾನು ಒರಳು ಗುಂಡನ್ನು ಎತ್ತಿಕೊಂಡೆ. ಅಜ್ಜಿ ಕೈ ಹಿಡಿದಳು. “ಹಡೆಯೋವರೆಗೂ ಒಡೆಯಂಗಿಲ್ಲ.”

“ಅವತ್ತು ಪುಡಿ ಮಾಡ್ಲಿಲ್ವಾ?”

“ತಿನ್ನಾಕೆ ಪುಡಿ ಮಾಡೋದು ಬೇರೆ, ಹುಡುಕಾಕೆ ಒಡೆಯೋದು ಬೇರೆ. ಹೊನ್ನಾಳಿಗೆ ಒಯ್ರಿ. ಎರಡು ಮಗ್ಗಲೂ ತೆಗೆಸ್ರಿ.”

ಅಪ್ಪ, ಅವ್ವ, ನಾನು ಅವತ್ತೇ ಹೋದೆವು. ಎಕ್ಸ್‌ರೇಯವನು “ಹಳೇ ಪೇಷೆಂಟಾ, ಹೊಸದಾ?” ಎಂದು ಸ್ವಾಗತಿಸಿದ. ಕತ್ತಲೆ ಕೋಣೆಯಿಂದ ಹೊರಗೆ ಬಂದವನೇ ನೀರು ತೊಟ್ಟಿಕ್ಕುವ ಫಿಲ್ಮನ್ನು ಕಿಟಕಿಗೆ ಹಿಡಿದ. ಕೊನೆಯ ಸಾಲಿನ ಚಂದ್ರನೊಂದರಲ್ಲಿ ಸ್ವಲ್ಪ ಓರೆಯಾಗಿ ಒಂದು ಬಿಳಿಯ ಗೆರೆ. ಬ್ಲೇಡಿನಿಂದ ಗೀರಿದ ಹಾಗೆ. ಎರಡನೆಯ ಮಗ್ಗಲು ಬೇಕಾಗಲಿಲ್ಲ.

ಆ ಉಂಡೆಯನ್ನು ಹುಡುಕಿ ಎತ್ತಿಕೊಂಡೆ. ಅದರ ಮೇಲೆ ಬೆರಳಗಲದ ಕುಂಕುಮ ಅಂಟಿತ್ತು. ಐದನೆಯವಳ ಕೈಯ ಕುಂಕುಮ. ನಾನು ಅವತ್ತು ಪುಡಿ ಮಾಡುತ್ತಿದ್ದೆನಲ್ಲ, ಸಿಕ್ಕೇ ಸಿಗುತ್ತಿತ್ತು ಎಂದು ಆಮೇಲೆ ಅಪ್ಪ ಹೇಳಿದರು. ಇರಬಹುದು. ನಾಲ್ಕು ಉಂಡೆ ತಿಕ್ಕಿದ ಮೇಲೆ ನನ್ನ ಬೆರಳುಗಳಿಗೆ ಜೋಮು ಹಿಡಿದಿತ್ತೆಂದು ನಾನು ಅವರಿಗೆ ಹೇಳಲಿಲ್ಲ. ಹಾಲಲ್ಲಿ ನೆನೆಸಿದ ಉಂಡೆಯನ್ನು ಚಮಚದಲ್ಲಿ ಎತ್ತುವಾಗ ಯಾರೂ ಪುಡಿ ಮಾಡುತ್ತ ಕೂರುವುದಿಲ್ಲವೆಂದೂ ಹೇಳಲಿಲ್ಲ.

ಎಕ್ಸ್‌ರೇಯವನು ಉಂಡೆಯನ್ನು ಬಾಗಿಲ ಸಂದಿಗಿಟ್ಟು ಒತ್ತಿದ. ಅಜ್ಜಿಯ ನಿಯಮ ಯಾರಿಗೂ ನೆನಪಾಗಲಿಲ್ಲ. ಎರಡು ಹೋಳಾಗಿ ಬಿತ್ತು. ನಡುವೆ ಸೂಜಿ, ಬೆಲ್ಲ ಮೆತ್ತಿದ ಹಸಿರು ದಾರ. ಅವ್ವ ಅದನ್ನು ತೆಗೆದು, ಸೆರಗಿನಿಂದ ಒರೆಸಿ, ಕೈ ಎದೆಯವರೆಗೆ ಒಯ್ದು ಅಲ್ಲಿಯೇ ತಡೆದಳು. ಆಮೇಲೆ ಅಪ್ಪನ ಕೈಗೆ ಕೊಟ್ಟಳು. ಅಪ್ಪ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಮನೆಯವರೆಗೂ ಬೆರಳಲ್ಲಿ ಹಿಡಿದುಕೊಂಡೇ ಬಂದರು.

ಮಾರನೆಯ ಬೆಳಿಗ್ಗೆ ನನ್ನನ್ನು ಎಬ್ಬಿಸಿದವಳು ಅಕ್ಕ. ಬಿಸಿಲು ಪಡಸಾಲೆಯ ನಡುವೆ ಬಂದಿತ್ತು. ಒಲೆ ಹಚ್ಚಿರಲಿಲ್ಲ, ಬಾಗಿಲಿಗೆ ನೀರು ಹಾಕಿರಲಿಲ್ಲ. ಕೋಳಿಗಿಂತ ಮೊದಲು ಏಳುವ ಅಜ್ಜಿ ಗೋಡೆಯ ಕಡೆ ತಿರುಗಿ ಗೊರಕೆ ಹೊಡೆಯುತ್ತಿದ್ದಳು. ಅವ್ವ ಬಾಯಿ ತೆರೆದು ಮಲಗಿದ್ದಳು. ಅಪ್ಪನಿಗೆ ಶಾಲೆಯ ಹೊತ್ತು ಮೀರಿತ್ತು.

“ಏನ್ರೇ ಇದು,” ಅಕ್ಕ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು, “ಬಸುರಿ ನಾನೋ ನೀವೋ? ಏಳ್ರಿ, ನಂಗೆ ಹಸಿವಾಗೈತೆ.”